ಕಾರ್ ಶೆಡ್ಡಿನಲ್ಲಿ ಮರಗೆಲಸವೇ? ಮೊದಲು ನಿಮ್ಮ ನೆರಳು ಎಲ್ಲಿ ಬೀಳುತ್ತೆ ನೋಡಿ

ಹೋದ ವರ್ಷ ಮಳೆಗಾಲದ ಒಂದು ಸಂಜೆ ಒಳ್ಳೆಯ ತೇಗದ ಹಲಗೆಯೊಂದನ್ನು ತಪ್ಪು ಗೆರೆ ಹಿಡಿದು ಕೊಯ್ದುಬಿಟ್ಟೆ. ಮೂಲೆಮಟ್ಟ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ, ಗರಗಸ ಓಡಾಡದಿರಲಿ ಅಂತ ಪಕ್ಕದಲ್ಲೇ ಒಂದು ಮರದ ಪಟ್ಟಿ ಬಿಗಿದಿದ್ದೆ. ಆ ಪಟ್ಟಿಯ ನೆರಳು ಗೆರೆಯ ಪಕ್ಕದಲ್ಲೇ ಇನ್ನೊಂದು ಗೆರೆಯ ಹಾಗೆ ಬಿದ್ದಿತ್ತು. ನಾನು ಕೊಯ್ದದ್ದು ನೆರಳನ್ನು. ಹಲಗೆ 3 ಮಿಲಿಮೀಟರ್ ಗಿಡ್ಡ ಆಯಿತು. ಡ್ರಾಯರಿನ ಮುಂಭಾಗಕ್ಕೆ 3 ಮಿಲಿಮೀಟರ್ ಅಂದರೆ ಎಷ್ಟು ಅಂತ ಈ ಕೆಲಸ ಮಾಡಿದವರಿಗೆ ಗೊತ್ತು.

ಶೆಡ್ಡಿನಲ್ಲಿ ಬೆಳಕು ಸಾಲದು, ಅದಕ್ಕೇ ಹೀಗಾಯಿತು ಅಂದುಕೊಂಡೆ. ಮಾರನೇ ದಿನ ಅಂಗಡಿಗೆ ಹೋಗಿ 20 ವ್ಯಾಟಿನ ಟ್ಯೂಬಿನ ಬದಲಿಗೆ 50 ವ್ಯಾಟಿನ ದಪ್ಪ ಬಲ್ಬು ತಂದು ಅದೇ ಜಾಗದಲ್ಲಿ, ಅಂದರೆ ಸೂರಿನ ನಟ್ಟನಡುವೆ, ಹಾಕಿದೆ. ಶೆಡ್ಡು ಮದುವೆ ಚಪ್ಪರದ ಹಾಗೆ ಬೆಳಗಿತು. ಬೆಂಚಿನ ಮೇಲೆ ನನ್ನ ನೆರಳು ಮಾತ್ರ ಮೊದಲಿಗಿಂತ ಕಪ್ಪಗಾಯಿತು!

ಆಗ ತಲೆಗೆ ಹೋಯಿತು. ಕೊರತೆ ಬೆಳಕಿನದಲ್ಲ. ನಾನೇ ಬೆಳಕಿಗೆ ಅಡ್ಡ ನಿಂತಿದ್ದೆ.

ನಮ್ಮ ಕಡೆ ಕಾರ್ ಶೆಡ್ಡುಗಳನ್ನು ಕಟ್ಟುವವರು ಕಾರಿಗಾಗಿ ಕಟ್ಟುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಕಾರಿಗೆ ನಡುವೆ ಒಂದು ಟ್ಯೂಬ್‌ಲೈಟು ಸಾಕು. ಕೀಲಿ ಕೈ ಜಾರಿ ಬಿದ್ದರೆ ಸಿಗುವಷ್ಟು ಬೆಳಕು ಬಂದರಾಯಿತು. ಆದರೆ ಕಾರು ಬೀದಿಗೆ ಹೋಗಿ ಆ ಜಾಗಕ್ಕೆ ಬೆಂಚು, ಡ್ರಿಲ್ಲು, ಗರಗಸದ ಮೆಷಿನ್ನು ಬಂದ ಮೇಲೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಬೆಂಚನ್ನು ಯಾರೂ ನಡುವೆ ಇಡುವುದಿಲ್ಲ, ಜಾಗ ಇರುವುದಿಲ್ಲ ನೋಡಿ, ಗೋಡೆಗೇ ಒತ್ತಿಸುತ್ತೇವೆ. ಗೋಡೆಯ ಕಡೆ ಮುಖ ಮಾಡಿ ನಿಂತರೆ ನಡುವಿನ ದೀಪ ನಮ್ಮ ಬೆನ್ನ ಹಿಂದೆ. ತಲೆ, ಭುಜ, ಕೈ ಮೂರರ ನೆರಳೂ ಸೀದಾ ಕೆಲಸದ ಮೇಲೆ. ದೀಪ ಎಷ್ಟು ಜೋರು ಮಾಡಿದರೂ ನೆರಳಿರುವ ಜಾಗಕ್ಕೆ ಅದು ನೇರವಾಗಿ ತಲುಪುವುದೇ ಇಲ್ಲ. ಸುತ್ತಲಿನ ಜಾಗ ಬೆಳಗಿದಷ್ಟೂ ನೆರಳು ಇನ್ನೂ ಕತ್ತಲೆ ಅನ್ನಿಸುತ್ತದೆ, ಯಾಕೆಂದರೆ ಕಣ್ಣು ಸುತ್ತಲಿನ ಬೆಳಕಿಗೆ ಹೊಂದಿಕೊಂಡುಬಿಡುತ್ತದೆ.

ಅದಕ್ಕೇ ಹೇಳುವುದು, ಎಷ್ಟು ವ್ಯಾಟ್ ಅಂತ ಕೇಳುವ ಮೊದಲು ಎಲ್ಲಿ ಅಂತ ಕೇಳಿ. ಒಂದು ಸಣ್ಣ ಪರೀಕ್ಷೆ ಇದೆ. ರಾತ್ರಿ ಶೆಡ್ಡಿನ ದೀಪ ಹಾಕಿ, ಬೆಂಚಿನ ಮೇಲೆ ಒಂದು ಬಿಳಿ ಹಾಳೆ ಹರಡಿ, ಕೆಲಸ ಮಾಡುವ ಹಾಗೆಯೇ ಬಗ್ಗಿ ನಿಂತು ಹಾಳೆಯ ಮೇಲೆ ಒಂದು ಪೆನ್ಸಿಲ್ ನಿಲ್ಲಿಸಿ. ಪೆನ್ಸಿಲಿನ ನೆರಳು ಯಾವ ಕಡೆ ಹೋಗುತ್ತದೆ, ಎಷ್ಟು ಗಟ್ಟಿಯಾಗಿದೆ ನೋಡಿ. ಪೆನ್ಸಿಲಿಗೆ ನೆರಳೇ ಕಾಣದೆ ಹಾಳೆಯೇ ಮಬ್ಬಾಗಿದ್ದರೆ ನಿಮ್ಮ ತಲೆಯ ನೆರಳೇ ಪೂರ್ತಿ ಕವಿದಿದೆ ಅಂತ ಅರ್ಥ. ಡ್ರಿಲ್ಲಿನ ಹತ್ತಿರ, ಗ್ರೈಂಡರಿನ ಹತ್ತಿರ, ನೀವು ಎಲ್ಲೆಲ್ಲಿ ನಿಲ್ಲುತ್ತೀರೋ ಅಲ್ಲೆಲ್ಲ ಇದನ್ನೇ ಮಾಡಿ. ಹತ್ತು ನಿಮಿಷದ ಕೆಲಸ.

ಪರಿಹಾರ ಸರಳ. ದೀಪ ನಿಮ್ಮ ತಲೆಗೂ ಗೋಡೆಗೂ ನಡುವೆ ಬರಬೇಕು. ನನ್ನ ಬೆಂಚು 2 ಅಡಿ ಅಗಲ. ಅದರ ಮುಂಭಾಗದ ಅಂಚಿನ ನೇರ ಮೇಲೆ, ಅಂದರೆ ಗೋಡೆಯಿಂದ 2 ಅಡಿಗೆ ಟ್ಯೂಬು ಬಂದರೆ, ಬೆಳಕು ನನ್ನ ಹಣೆಯ ಮುಂದಿನಿಂದ ಇಳಿಯುತ್ತದೆ, ಬೆನ್ನಿನಿಂದಲ್ಲ. ಎಲೆಕ್ಟ್ರಿಷಿಯನ್ ಬಂದಾಗ "ಸಾರ್, ಇಷ್ಟು ಗೋಡೆಗೆ ಹತ್ತಿರ ಯಾರೂ ಹಾಕಿಸಲ್ಲ, ಚೆನ್ನಾಗಿ ಕಾಣಲ್ಲ" ಅಂದರು. ಕಾಣೋದು ಬೇಡ, ಹಾಕಿ ಅಂದೆ.

ಇನ್ನೊಂದು ವಿಷಯ, ಬಲ್ಬೋ ಟ್ಯೂಬೋ ಅನ್ನುವುದು. ಬಲ್ಬು ಒಂದು ಚುಕ್ಕಿ. ಚುಕ್ಕಿಯಿಂದ ಬರುವ ಬೆಳಕಿಗೆ ನೆರಳು ಕತ್ತರಿಸಿಟ್ಟ ಹಾಗೆ ಗಟ್ಟಿಯಾಗಿ ಬೀಳುತ್ತದೆ. ಟ್ಯೂಬು ನಾಲ್ಕು ಅಡಿ ಉದ್ದ. ನಿಮ್ಮ ಕೈ ಅದರ ಒಂದು ತುಂಡನ್ನು ಮರೆಮಾಡಿದರೆ ಉಳಿದ ಮೂರು ಅಡಿಯ ಬೆಳಕು ಪಕ್ಕದಿಂದ ಬಂದು ಆ ನೆರಳನ್ನು ತಿಳಿ ಮಾಡುತ್ತದೆ. ಎರಡು ಸಾಲು ಟ್ಯೂಬು ಇದ್ದರಂತೂ ಒಂದರ ನೆರಳನ್ನು ಇನ್ನೊಂದು ತೊಳೆದುಬಿಡುತ್ತದೆ. ಹಾಗಾಗಿ ಒಂದು 50 ವ್ಯಾಟಿನ ಬಲ್ಬಿಗಿಂತ ಎರಡು 20 ವ್ಯಾಟಿನ ಟ್ಯೂಬು ಎಷ್ಟೋ ಮೇಲು, ಕರೆಂಟೂ ಕಡಿಮೆ.

ಈಗ ಎಷ್ಟು ಬೇಕು ಅನ್ನುವುದಕ್ಕೆ ಬರೋಣ. ಇಲ್ಲಿ ಎರಡು ಪದ ಬೇಕು, ಲೂಮೆನ್ ಮತ್ತು ಲಕ್ಸ್. ವ್ಯಾಟ್ ಅಂದರೆ ದೀಪ ತಿನ್ನುವ ಕರೆಂಟು, ಅದು ಬೆಳಕಲ್ಲ. ದೀಪದಿಂದ ಹೊರಬರುವ ಒಟ್ಟು ಬೆಳಕು ಲೂಮೆನ್. ಅದರಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ಎಷ್ಟು ಬಿತ್ತು ಅನ್ನುವುದು ಲಕ್ಸ್. ನಲ್ಲಿಯಿಂದ ಬರುವ ನೀರು ಲೂಮೆನ್ ಆದರೆ, ಗಿಡದ ಬುಡಕ್ಕೆ ತಲುಪಿದ ನೀರು ಲಕ್ಸ್. ಹಳೆಯ 60 ವ್ಯಾಟಿನ ತಂತಿಯ ಬಲ್ಬು ಸುಮಾರು 700 ಲೂಮೆನ್ ಕೊಡುತ್ತಿತ್ತು. ಈಗಿನ 20 ವ್ಯಾಟಿನ ಎಲ್‌ಇಡಿ ಟ್ಯೂಬು 2000 ಲೂಮೆನ್ ಕೊಡುತ್ತದೆ. ಡಬ್ಬದ ಮೇಲೆ ಬರೆದಿರುತ್ತಾರೆ, ವ್ಯಾಟ್ ದೊಡ್ಡದಾಗಿ, ಲೂಮೆನ್ ಮೂಲೆಯಲ್ಲಿ ಸಣ್ಣದಾಗಿ. ನೀವು ಓದಬೇಕಾದ್ದು ಸಣ್ಣ ಅಕ್ಷರದ್ದನ್ನ.

ಶೆಡ್ಡಿನೊಳಗೆ ಓಡಾಡಲು, ಸಾಮಾನು ಜೋಡಿಸಲು, ಒರಟು ಕೆಲಸಕ್ಕೆ 300 ಲಕ್ಸ್ ಸಾಕು. ಬೆಂಚಿನ ಮೇಲೆ ಗುರುತು ಹಾಕಿ ಕೊಯ್ಯಲು, ಉಳಿ ಹಿಡಿದು ಕೆಲಸ ಮಾಡಲು 500. ಸಣ್ಣ ಜೋಡಣೆ, ಪಾಲಿಶ್ ನೋಡುವುದು ಇಂಥದ್ದಕ್ಕೆ 750 ಅಥವಾ ಇನ್ನೂ ಜಾಸ್ತಿ. ಇದು ಕಣ್ಣು ಚೆನ್ನಾಗಿರುವವರ ಲೆಕ್ಕ. ವಯಸ್ಸಾದಂತೆ ಕಣ್ಣಿನ ಪಾಪೆ ಸಣ್ಣದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. 20ರ ಹುಡುಗನ ಕಣ್ಣಿನೊಳಗೆ ಹೋಗುವ ಬೆಳಕಿನ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ 60ರ ಕಣ್ಣಿನೊಳಕ್ಕೆ ಹೋಗುತ್ತದೆ. ನಿವೃತ್ತಿ ಆದ ಮೇಲೆ ಈ ಹವ್ಯಾಸ ಶುರು ಮಾಡುವವರೇ ಜಾಸ್ತಿ ಅಲ್ವಾ, ಹಾಗಾಗಿ ಈಗ ಹೇಳಿದ ಸಂಖ್ಯೆಗಳಿಗಿಂತ ಧಾರಾಳವಾಗಿ ಹಾಕಿಕೊಳ್ಳಿ. ಅಪ್ಪ ನನ್ನ ಶೆಡ್ಡಿಗೆ ಬಂದಾಗಲೆಲ್ಲ "ಇದೇನೋ ಕತ್ತಲು ಕೋಣೆ" ಅನ್ನುತ್ತಿದ್ದರು, ನಾನು ಗೊಣಗಾಟ ಅಂದುಕೊಂಡಿದ್ದೆ.

ಲೆಕ್ಕ ಹಾಕಿ ತೋರಿಸುತ್ತೇನೆ. ನನ್ನ ಶೆಡ್ಡು 10 ಅಡಿಗೆ 18 ಅಡಿ, ಅಂದರೆ 180 ಚದರ ಅಡಿ, ಹತ್ತಿರ ಹತ್ತಿರ 16.7 ಚದರ ಮೀಟರ್. ಎಲ್ಲ ಕಡೆ 300 ಲಕ್ಸ್ ಬೇಕು ಅಂದರೆ 16.7 ಗುಣಿಸು 300, ಸುಮಾರು 5000 ಲೂಮೆನ್ ಕೆಲಸದ ಎತ್ತರಕ್ಕೆ ಬಂದು ತಲುಪಬೇಕು. ಹಾಗಾದರೆ ಎರಡೂವರೆ ಟ್ಯೂಬು ಸಾಕಲ್ಲ ಅಂತೀರಿ. ಸಾಕಾಗಲ್ಲ. ದೀಪದಿಂದ ಹೊರಟ ಬೆಳಕಿನಲ್ಲಿ ಬಹಳಷ್ಟು ಗೋಡೆಗೆ, ಸೂರಿಗೆ, ಕಪಾಟಿಗೆ ಬಡಿದು ಅಲ್ಲೇ ಕಳೆದುಹೋಗುತ್ತದೆ. ಗೋಡೆ, ಸೂರು ಎರಡೂ ಬೆಳ್ಳಗಿರುವ ಇಂಥ ಸಣ್ಣ ಕೋಣೆಯಲ್ಲಿ ಅರ್ಧದಷ್ಟು ತಲುಪಿದರೆ ಪುಣ್ಯ. ಅಲ್ಲಿಗೆ 10,000 ಆಯಿತು. ಮರದ ಪುಡಿ ಕೂತು, ದೀಪಕ್ಕೆ ವಯಸ್ಸಾಗಿ ಇನ್ನೊಂದು 20 ಪರ್ಸೆಂಟ್ ಹೋಗುತ್ತದೆ ಅಂತ ಇಟ್ಟುಕೊಂಡರೆ 12,500. ಅಂದರೆ ಹತ್ತಿರ ಹತ್ತಿರ 2000 ಲೂಮೆನ್ನಿನ ಆರು ಟ್ಯೂಬು. ಒಟ್ಟು 120 ವ್ಯಾಟ್. ದಿನಕ್ಕೆ ಮೂರು ಗಂಟೆ ಉರಿಸಿದರೂ ತಿಂಗಳಿಗೆ 11 ಯೂನಿಟ್ ದಾಟುವುದಿಲ್ಲ. ಇಷ್ಟೇ ಬೆಳಕನ್ನು ಹಳೆಯ 60 ವ್ಯಾಟಿನ ಬಲ್ಬಿನಲ್ಲಿ ತರಬೇಕಾದರೆ ಹದಿನೇಳು ಹದಿನೆಂಟು ಬಲ್ಬು, ಸಾವಿರ ವ್ಯಾಟಿಗೂ ಮೇಲೆ ಬೇಕಿತ್ತು. ಶೆಡ್ಡು ಬೇಕರಿ ಆಗ್ತಿತ್ತು.

ಆ "ಗೋಡೆ ಬೆಳ್ಳಗಿದ್ದರೆ" ಅನ್ನುವ ಮಾತನ್ನು ಹಾರಿಸಿಕೊಂಡು ಹೋಗಬೇಡಿ. ಬಣ್ಣ ಕಾಣದ ಸಿಮೆಂಟು ಗೋಡೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕಾಲು ಭಾಗದಷ್ಟನ್ನು ವಾಪಸ್ ಕೊಟ್ಟರೆ ಹೆಚ್ಚು. ಬಿಳಿ ಬಣ್ಣ ಹೊಡೆದ ಗೋಡೆ ಮುಕ್ಕಾಲು ಭಾಗ ವಾಪಸ್ ಕೊಡುತ್ತದೆ. ನನ್ನ ಶೆಡ್ಡಿನದು ಬರೀ ಸಿಮೆಂಟು ಗೋಡೆಯಾಗಿದ್ದರೆ ಅದೇ 300 ಲಕ್ಸಿಗೆ ಆರರ ಬದಲು ಎಂಟೋ ಒಂಬತ್ತೋ ಟ್ಯೂಬು ಬೇಕಾಗುತ್ತಿತ್ತು. ಮೊದಲು ಸುಣ್ಣವನ್ನಾದರೂ ಹೊಡೆಸಿ, ಆಮೇಲೆ ದೀಪ ಕೊಳ್ಳಿ. ಗೋಡೆಯಿಂದ ಮರಳಿ ಬರುವ ಬೆಳಕಿಗೆ ಇನ್ನೊಂದು ಗುಣ ಇದೆ. ಅದು ಎಲ್ಲ ಕಡೆಯಿಂದ ಬರುತ್ತದೆ, ಹಾಗಾಗಿ ನೆರಳನ್ನು ಕರಗಿಸುತ್ತದೆ. ಮಿನುಗುವ ಪೇಂಟು ಮಾತ್ರ ಬೇಡ, ಟ್ಯೂಬಿನ ಪ್ರತಿಬಿಂಬ ಕಣ್ಣಿಗೆ ಹೊಡೆಯುತ್ತದೆ. ತಗಡಿನ ಶೀಟು ಹಾಕಿರುವವರು ಒಳಗಡೆಯಿಂದ ಬಿಳಿ ಬಳಿಸಬಹುದು. ಇಲ್ಲವೇ ಒಂದೆರಡು ತಗಡಿನ ಜಾಗಕ್ಕೆ ಬೆಳಕು ಬಿಡುವ ಫೈಬರ್ ಶೀಟು ಹಾಕಿಸಿದರೆ ಹಗಲು ದೀಪವೇ ಬೇಡ.

ಆರು ಟ್ಯೂಬನ್ನು ಹಾಕಿದ್ದು ಹೀಗೆ: ಉದ್ದಕ್ಕೆ ಎರಡು ಸಾಲು, ಸಾಲಿಗೆ ಮೂರು. 18 ಅಡಿಯಲ್ಲಿ ನಾಲ್ಕು ಅಡಿಯ ಮೂರು ಟ್ಯೂಬು ಹೋದರೆ ಆರು ಅಡಿ ಉಳಿಯಿತು. ಎರಡು ತುದಿಗೆ ಒಂದೊಂದು ಅಡಿ, ನಡುವೆ ಎರಡೆರಡು. ಅಗಲದಲ್ಲಿ ಸಾಮಾನ್ಯ ರೂಢಿ ಏನೆಂದರೆ ಸಾಲು ಸಾಲಿನ ನಡುವಿನ ಅಂತರದ ಅರ್ಧದಷ್ಟನ್ನು ಗೋಡೆ ಕಡೆ ಬಿಡುವುದು. ಅಂದರೆ 10 ಅಡಿಗೆ ಎರಡೂವರೆ, ಐದು, ಎರಡೂವರೆ. ಬೆಂಚಿನ ಕಡೆಯ ಸಾಲನ್ನು ಮಾತ್ರ ನಾನು ಎರಡಕ್ಕೆ ಎಳೆದೆ, ಕಾರಣ ಆಗಲೇ ಹೇಳಿದೆ. ಇಷ್ಟಾದರೂ ಬೆಂಚಿನ ಮೇಲೆ 300 ಅಷ್ಟೇ. ಅದಕ್ಕೆ ಬೆಂಚಿಗೆಂದೇ ಏಳನೇ ಟ್ಯೂಬೊಂದನ್ನು ಸರಪಳಿಯಲ್ಲಿ ಕೆಳಗೆ ಇಳಿಬಿಟ್ಟೆ, ಬೆಂಚಿನಿಂದ ಮೂರೂವರೆ ಅಡಿ ಮೇಲಕ್ಕೆ, ಕಣ್ಣಿಗೆ ಹೊಡೆಯದ ಹಾಗೆ ನನ್ನ ಕಡೆ ಒಂದು ತಗಡಿನ ಮರೆ ಕೊಟ್ಟು. ಅದೊಂದೇ ಇನ್ನೂ ಸುಮಾರು 400 ಲಕ್ಸ್ ಸೇರಿಸಿತು. ಹತ್ತಿರ ತಂದರೆ ಬೆಳಕು ಏರುವ ಪರಿ ಅಂಥದ್ದು. ಬಲ್ಬಾದರೆ ದೂರ ಅರ್ಧ ಮಾಡಿದರೆ ಬೆಳಕು ನಾಲ್ಕು ಪಟ್ಟು. ಉದ್ದದ ಟ್ಯೂಬಿನ ಹತ್ತಿರ ಅಷ್ಟಿಲ್ಲ, ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಂತ ಇಟ್ಟುಕೊಳ್ಳಿ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಸಿಗುತ್ತವೆ. ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಈ ಮೂಲೆಗೂ ಆ ಮೂಲೆಗೂ ಎಷ್ಟು ವ್ಯತ್ಯಾಸ ಅಂತ ಹೋಲಿಸಲು ಚೆನ್ನಾಗಿ ಬರುತ್ತವೆ.

ಡ್ರಿಲ್ಲು, ಬ್ಯಾಂಡ್ ಸಾ (ಪಟ್ಟಿ ಗರಗಸದ ಮೆಷಿನ್ನು) ಇಂಥವಕ್ಕೆ ಬೇರೆ ಸಣ್ಣ ದೀಪ ಬೇಕೇ ಬೇಕು, ಯಾಕೆಂದರೆ ಮೆಷಿನ್ನಿನ ತಲೆಯೇ ಕೆಲಸದ ಮೇಲೆ ನೆರಳು ಹಾಕುತ್ತದೆ. ಇದಕ್ಕೆ ದುಬಾರಿ ಲ್ಯಾಂಪು ಹುಡುಕಬೇಡಿ. ಹೊಲಿಗೆ ಮೆಷಿನ್ನಿನ ಸಾಮಾನು ಮಾರುವ ಅಂಗಡಿಯಲ್ಲಿ ಮ್ಯಾಗ್ನೆಟ್ ಕಾಲಿನ, ಬಗ್ಗಿಸಬಹುದಾದ ಕುತ್ತಿಗೆಯ ಪುಟ್ಟ ಎಲ್‌ಇಡಿ ಲೈಟು ಸಿಗುತ್ತದೆ. ಟೈಲರ್‌ಗಳಿಗೆ ಸೂಜಿ ಕಾಣಲಿ ಅಂತ ಮಾಡಿದ್ದು, ಡ್ರಿಲ್ಲಿನ ಮೂತಿಗೂ ಸರಿಯಾಗಿ ಹೊಂದುತ್ತದೆ. ಅದರ ವೈರು ತಿರುಗುವ ಭಾಗದ ಹತ್ತಿರ ಸುಳಿಯದ ಹಾಗೆ ಕಟ್ಟಿಹಾಕಿ, ಅಷ್ಟೆ.

ತಿರುಗುವ ಭಾಗ ಅಂದೆನಲ್ಲ, ಅಲ್ಲೇ ಒಂದು ಅಪಾಯ ಅಡಗಿದೆ. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತದೆ, ಒಂದೊಂದು ತೂಗಾಟದಲ್ಲೂ ಎರಡು ಸಲ ಸೊನ್ನೆಗೆ ಬರುತ್ತದೆ. ಅದನ್ನು ಸರಿದೂಗಿಸದ ದೀಪ ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಈಗ ಡ್ರಿಲ್ಲಿನ ಚಕ್ ನೋಡಿ, ಅಂದರೆ ಕೊರೆಯುವ ಬಿಟ್ಟನ್ನು ಕಚ್ಚಿ ಹಿಡಿಯುವ ಮೂತಿ, ಬಿಟ್ ಬಿಗಿಯುವ ಕೀಲಿಗೆ ಅದರ ಸುತ್ತ ಸಮ ಅಂತರದಲ್ಲಿ ಮೂರು ತೂತು ಇರುತ್ತವೆ. ಅದು ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ, ಒಂದು ಮಿನುಗಿನಿಂದ ಮುಂದಿನ ಮಿನುಗಿಗೆ ಸರಿಯಾಗಿ ಮೂರನೇ ಒಂದು ಸುತ್ತು ಆಗಿರುತ್ತದೆ. ಒಂದು ತೂತಿದ್ದ ಜಾಗಕ್ಕೆ ಪಕ್ಕದ ತೂತು ಬಂದಿರುತ್ತದೆ. ಪ್ರತಿ ಮಿನುಗಿಗೂ ಅದೇ ಚಿತ್ರ. ಚಕ್ ನಿಂತ ಹಾಗೆ ಕಾಣುತ್ತದೆ! ಸದ್ದು ಕೇಳುತ್ತಿರುತ್ತದೆ ನಿಜ, ಆದರೆ ಪಕ್ಕದಲ್ಲಿ ಇನ್ನೊಂದು ಮೆಷಿನ್ನು ಓಡುತ್ತಿದ್ದು ಕಿವಿಗೆ ಹತ್ತಿ ತುರುಕಿಕೊಂಡಿದ್ದರೆ? ಕೈ ಹಾಕುವವರು ಹಾಕಿಯೇ ಹಾಕುತ್ತಾರೆ. ಚೋಕ್ ಇದ್ದ ಹಳೆ ಟ್ಯೂಬುಗಳ ಕಾಲದಲ್ಲಿ ಕಾರ್ಖಾನೆಗಳಲ್ಲಿ ಇದಕ್ಕೇ ಅಕ್ಕಪಕ್ಕದ ಟ್ಯೂಬುಗಳನ್ನು ಬೇರೆ ಬೇರೆ ಫೇಸಿಗೆ ಹಾಕುತ್ತಿದ್ದರು, ಒಂದು ಮಂಕಾದಾಗ ಇನ್ನೊಂದು ಬೆಳಗುತ್ತಿರಲಿ ಅಂತ. ಮನೆಯಲ್ಲಿ ಒಂದೇ ಫೇಸು ಇರುವವರಿಗೆ ಆ ದಾರಿ ಇಲ್ಲ.

ಎಲ್‌ಇಡಿ ಬಂದ ಮೇಲೆ ಈ ತೊಂದರೆ ಹೋಯಿತು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೋಗಿಲ್ಲ. ಒಳ್ಳೆ ಡ್ರೈವರ್, ಅಂದರೆ ಕರೆಂಟನ್ನು ಎಲ್‌ಇಡಿಗೆ ಹೊಂದಿಸಿಕೊಡುವ ಒಳಗಿನ ಸರ್ಕ್ಯೂಟು, ಇರುವ ಟ್ಯೂಬಿನಲ್ಲಿ ಹೋಗಿದೆ. ರಸ್ತೆ ಬದಿಯ ಅಗ್ಗದ ಬಲ್ಬಿನಲ್ಲಿ ಆ ಡ್ರೈವರಿನಲ್ಲೇ ಉಳಿತಾಯ ಮಾಡಿರುತ್ತಾರೆ, ಅದು ಹಳೆ ಟ್ಯೂಬಿಗಿಂತ ಕೆಟ್ಟದಾಗಿ ಮಿನುಗಬಹುದು. ಅಂಗಡಿಯಲ್ಲೇ ಪರೀಕ್ಷಿಸಿ. ದೀಪ ಹೊತ್ತಿಸಿ ಫೋನಿನ ಕ್ಯಾಮೆರಾವನ್ನು ಸ್ಲೋ ಮೋಷನ್ನಿಗೆ ಹಾಕಿ ಹಿಡಿಯಿರಿ, ಬೆಳಕು ಪಟಪಟ ಬಡಿದರೆ ಅಥವಾ ಪರದೆಯ ಮೇಲೆ ಕಪ್ಪು ಪಟ್ಟೆಗಳು ಓಡಿದರೆ ಬೇಡ ಅನ್ನಿ. ಫೋನೂ ಬೇಡವೆಂದರೆ ಒಂದು ಪೆನ್ನನ್ನು ದೀಪದ ಮುಂದೆ ಬೀಸಣಿಗೆ ಹಾಗೆ ಬೇಗ ಬೇಗ ಆಡಿಸಿ. ನುಣ್ಣಗೆ ಮಬ್ಬಾಗಿ ಕಂಡರೆ ಒಳ್ಳೇದು. ಒಂದರ ಪಕ್ಕ ಒಂದರಂತೆ ಹತ್ತಾರು ಪೆನ್ನು ಕಂಡರೆ ಅದು ಮಿನುಗುವ ದೀಪ.

ಬಣ್ಣದ ವಿಷಯಕ್ಕೆ ಬಂದರೆ ನಮ್ಮ ಅಂಗಡಿಗಳಲ್ಲಿ ಕೇಳುವ ಪ್ರಶ್ನೆ ಒಂದೇ, "ವೈಟಾ, ವಾರ್ಮಾ?" ವೈಟ್ ಅಂದರೆ ಬಹುಪಾಲು 6500 ಕೆಲ್ವಿನ್, ನೀಲಿ ಛಾಯೆಯ ಬಿಳುಪು. ವಾರ್ಮ್ ಅಂದರೆ 3000 ಕೆಲ್ವಿನ್, ಹಳೇ ಬಲ್ಬಿನ ಹಳದಿ. ಇವೆರಡರ ನಡುವೆ 4000 ಅಂತ ಇದೆ, ನ್ಯಾಚುರಲ್ ವೈಟ್ ಅಂತ ಕರೆಯುತ್ತಾರೆ. ಕೇಳಿದರೆ ಒಳಗಿನಿಂದ ತಂದುಕೊಡುತ್ತಾರೆ. ಮರಗೆಲಸಕ್ಕೆ ನನ್ನ ಆಯ್ಕೆ ಅದು. 6500ರಲ್ಲಿ ಹಲಸಿನ ಹಲಗೆಯೂ ಕಾಯಿಲೆ ಬಿದ್ದ ಹಾಗೆ ಕಾಣುತ್ತದೆ.

ಆದರೆ ಕೆಲ್ವಿನ್‌ಗಿಂತ ಮುಖ್ಯವಾದದ್ದು ಸಿಆರ್‌ಐ ಅನ್ನುವ ಸಂಖ್ಯೆ. ಬಣ್ಣಗಳನ್ನು ದೀಪ ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಅನ್ನುವುದಕ್ಕೆ 100ಕ್ಕೆ ಕೊಡುವ ಅಂಕ. ಬಿಳಿ ಎಲ್‌ಇಡಿ ಅಂತ ನಾವು ಕರೆಯುವುದು ಹುಟ್ಟಿನಲ್ಲಿ ಬಿಳಿ ಅಲ್ಲ. ಒಳಗೆ ಇರುವುದು ನೀಲಿ ಎಲ್‌ಇಡಿ, 2014ರ ಭೌತಶಾಸ್ತ್ರದ ನೊಬೆಲ್ ಬಂದದ್ದು ಅದನ್ನು ಮಾಡಿದ ಮೂವರಿಗೆ. ಅದರ ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಈ ಬೆರಕೆಯಲ್ಲಿ ಕೆಂಪು ಕಡಿಮೆ. ಸಾಧಾರಣ ಟ್ಯೂಬಿಗೆ 80 ಅಂಕ ಬರುತ್ತದೆ, ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಆ ಅಂಕ ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಒಂಬತ್ತನೆಯದು, ಸರಾಸರಿಗೆ ಸೇರುವುದೇ ಇಲ್ಲ. ಬೀಟೆ, ಹೊನ್ನೆ ಇಂಥ ಮರಗಳಲ್ಲಿ ಇರುವುದೆಲ್ಲ ಆ ಕೆಂಪೇ ಅಲ್ವಾ!

ಅತ್ತಿಗೆಗೆ ದೇವರ ಪೀಠ ಮಾಡಿಕೊಡುವಾಗ ಇದು ನನಗೆ ಸರಿಯಾಗಿ ಪಾಠ ಕಲಿಸಿತು. ಹೊನ್ನೆಯ ಎರಡು ಹಲಗೆ ಜೋಡಿಸಿ, ಸಂದಿಗೆ ಪುಟ್ಟಿ ತುಂಬಿ, ಬಣ್ಣ ಕಲಸಿ ಕಲಸಿ ಹೊಂದಿಸಿದ್ದೆ. ಟ್ಯೂಬಿನ ಬೆಳಕಲ್ಲಿ ಸಂದಿ ಹುಡುಕಿದರೂ ಸಿಗುತ್ತಿರಲಿಲ್ಲ. ಬೆಳಿಗ್ಗೆ ಅಂಗಳಕ್ಕೆ ತಂದರೆ ಮರ ಕೆಂಪಗೆ, ಪುಟ್ಟಿ ಗೆರೆ ಹಸಿರು ಮಿಶ್ರಿತ ಕಂದು, ನಡುವೆ ಎಳೆದ ಹಾಗೆ ಎದ್ದು ಕಾಣುತ್ತಿತ್ತು. ಒಂದು ಬೆಳಕಿನಲ್ಲಿ ಒಂದೇ ಅನ್ನಿಸುವ ಎರಡು ಬಣ್ಣ ಇನ್ನೊಂದು ಬೆಳಕಿನಲ್ಲಿ ಬೇರೆಯಾಗಬಹುದು. ಈಗ ಬೆಂಚಿನ ಮೇಲಿನ ಆ ಏಳನೇ ಟ್ಯೂಬು ಒಂದನ್ನು ಮಾತ್ರ 90 ಸಿಆರ್‌ಐನದ್ದು ಹಾಕಿದ್ದೇನೆ, ಬೆಲೆ ಜಾಸ್ತಿ, ಆರಕ್ಕೂ ಹಾಕುವ ಅಗತ್ಯ ಇಲ್ಲ. ಪಾಲಿಶ್ ಬಣ್ಣ ಆರಿಸುವ ಮೊದಲು ಮಾದರಿ ತುಂಡನ್ನು ಆ ಸಾಮಾನು ಕೊನೆಗೆ ಕೂರುವ ಕೋಣೆಗೇ ಒಯ್ದು ಅಲ್ಲಿನ ದೀಪದಲ್ಲಿ ನೋಡುತ್ತೇನೆ.

ಇಷ್ಟು ಹೊತ್ತು ನೆರಳು ಬೇಡ ಬೇಡ ಅಂದೆ. ಒಂದು ಕೆಲಸಕ್ಕೆ ನೆರಳೇ ಬೇಕು. ಹತ್ತರಿ ಹೊಡೆದ ಹಲಗೆ ನುಣ್ಣಗಾಗಿದೆಯೋ ಇಲ್ಲವೋ ಅಂತ ಮೇಲಿನಿಂದ ಸುರಿಯುವ ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ, ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ಎಲ್ಲ ದೀಪ ಆರಿಸಿ, ಒಂದು ಟಾರ್ಚನ್ನು ಹಲಗೆಯ ಮೇಲೇ ಮಲಗಿಸಿ ನೋಡಿ. ಬೆಳಕು ಮರವನ್ನು ಸವರಿಕೊಂಡು ಹೋಗುತ್ತದೆ. ಹತ್ತರಿಯ ಅಲಗು ಬಿಟ್ಟ ಏಣು, ಉಪ್ಪುಕಾಗದದ ಅಡ್ಡ ಗೀರು, ಒರೆಸಲು ಮರೆತ ಅಂಟಿನ ಹನಿ, ಎಲ್ಲಕ್ಕೂ ಉದ್ದ ಬಾಲದ ನೆರಳು ಮೂಡುತ್ತದೆ. ಕೂದಲೆಳೆಯಷ್ಟು ಏರಿದ್ದರೂ ಬೆಟ್ಟದ ಹಾಗೆ ಕಾಣುತ್ತದೆ. ಮೈಸೂರಿನಲ್ಲಿ ಬೀಟೆ ಮರದ ಮೇಲೆ ಕುಸುರಿ ಕೂರಿಸುವವರೊಬ್ಬರ ಕೆಲಸ ನೋಡಲು ಹೋಗಿದ್ದೆ, ಅವರು ಕಿಟಕಿ ತಮ್ಮ ಎಡಕ್ಕೆ ಬರುವ ಹಾಗೆ ನೆಲದ ಮೇಲೆ ಕೂತಿದ್ದರು. ಬಲಗೈ ಆಳಿಗೆ ಎಡದ ಬೆಳಕು, ಕೈಯ ನೆರಳು ಉಳಿಯ ಮೂತಿಯ ಮೇಲೆ ಬೀಳುವುದಿಲ್ಲ. ಮೇಲೆ ಟ್ಯೂಬ್‌ಲೈಟು ಇತ್ತು, ಹಾಕಿರಲಿಲ್ಲ. "ಅದು ಹಾಕಿದ್ರೆ ಗೆರೆ ಸತ್ತೋಗುತ್ತೆ" ಅಂದರು. ನನ್ನ ಇಡೀ ಲೆಕ್ಕಾಚಾರಕ್ಕಿಂತ ಆ ಒಂದು ಮಾತು ದೊಡ್ಡದು ಅನ್ನಿಸಿತು.

ಅದಕ್ಕೇ ಎಲ್ಲ ಟ್ಯೂಬನ್ನೂ ಒಂದೇ ಸ್ವಿಚ್ಚಿಗೆ ಕಟ್ಟಬೇಡಿ. ಬೆಂಚಿನ ಸಾಲು, ಆಚೆ ಸಾಲು, ಬೆಂಚಿನ ಟ್ಯೂಬು, ಮೂರಕ್ಕೂ ಬೇರೆ ಬೇರೆ ಸ್ವಿಚ್ಚು. ಮನೆಯೊಳಗಿನಿಂದಲೂ ಶಟರ್ ಕಡೆಯಿಂದಲೂ ಬರುವ ದಾರಿ ಇದ್ದರೆ ಒಂದು ಸಾಲಿಗೆ ಮೆಟ್ಟಿಲ ದೀಪದ ಹಾಗೆ ಟೂ ವೇ ಸ್ವಿಚ್ಚು.

ವೈರಿಂಗಿನಲ್ಲಿ ಒಂದನ್ನು ಮಾತ್ರ ಬಿಡಲೇಬಾರದು: ದೀಪದ ಲೈನು ಬೇರೆ, ಮೆಷಿನ್ನಿನ ಲೈನು ಬೇರೆ. ದೀಪಕ್ಕೆ 6 ಆಂಪಿಯರ್ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಮೆಷಿನ್ನಿನ 16 ಆಂಪಿಯರ್ ಪ್ಲಗ್ಗುಗಳಿಗೆ ದಪ್ಪ ವೈರಿನ ಜೊತೆ ಅದರದ್ದೇ ಎಂಸಿಬಿ. ಮೊದಲು ನನ್ನ ಶೆಡ್ಡಿಗೆ ಎಲ್ಲ ಸೇರಿ ಒಂದೇ ಇತ್ತು. ಒಂದು ಸಂಜೆ ಹಸಿ ಮರ ಕೊಯ್ಯುವಾಗ ಅಲಗು ಕಚ್ಚಿಕೊಂಡು ಮೋಟರು ಮುಕ್ಕರಿಯಿತು, ಎಂಸಿಬಿ ಬಿತ್ತು, ಜೊತೆಗೆ ದೀಪವೂ ಹೋಯಿತು. ಹಲಗೆಯನ್ನು ಹಿಂದಕ್ಕೆ ಎಳೆದಿದ್ದೆ, ಅಲಗು ಬಿಡಿಸಿಕೊಂಡು ಇನ್ನೂ ಸುತ್ತುತ್ತಿತ್ತು. ಗವ್ವೆನ್ನುವ ಕತ್ತಲು. ಕೈ ಎಲ್ಲಿದೆ, ಅಲಗು ಎಲ್ಲಿದೆ ಒಂದೂ ಗೊತ್ತಾಗದೆ, ಸದ್ದು ನಿಲ್ಲುವವರೆಗೂ ಉಸಿರು ಬಿಗಿಹಿಡಿದು ನಿಂತಿದ್ದೆ. ಲೈನು ಬೇರೆ ಮಾಡಿದರೂ ಏರಿಯಾದ ಕರೆಂಟೇ ಹೋದರೆ ಇದೇ ಕಥೆ. ಮನೆಗೆ ಇನ್ವರ್ಟರ್ ಇದ್ದರೆ ಮೆಷಿನ್ನಿನ ಮೇಲಿನ ಒಂದು ಟ್ಯೂಬನ್ನು ಆ ಲೈನಿಗೆ ಕೊಡಿಸಿ. ಇಲ್ಲದಿದ್ದರೆ ಒಳಗೇ ಬ್ಯಾಟರಿ ಇರುವ ಬಲ್ಬು ಬರುತ್ತದಲ್ಲ, ಕರೆಂಟು ಹೋದ ತಕ್ಷಣ ತಾನೇ ಉರಿಯುವುದು, ಅದನ್ನು ಅಲ್ಲೊಂದು ಹಾಕಿ. ಇಡೀ ಶೆಡ್ಡಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಲೈನು ಕಡಿಯುವ ಸ್ವಿಚ್ಚು) ಇರಲಿ, ಅರ್ತಿಂಗ್ ಸರಿಯಾಗಿರಲಿ. ಇದನ್ನೆಲ್ಲ ಗೊತ್ತಿರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಚೋಕ್ ಇದ್ದ ಹಳೆ ಪಟ್ಟಿಗೇ ಎಲ್‌ಇಡಿ ಟ್ಯೂಬು ಹಾಕುವುದಾದರಂತೂ ಇನ್ನೂ ಹುಷಾರು. ಕೆಲವು ಟ್ಯೂಬಿಗೆ ಕರೆಂಟು ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಯಿಂದ. ಡಬ್ಬದ ಮೇಲಿನ ಚಿತ್ರ ನೋಡದೆ ಜೋಡಿಸಬಾರದು.

ಯೂಟ್ಯೂಬಿನಲ್ಲಿ ಅಮೆರಿಕದವರ ಗ್ಯಾರೇಜು ನೋಡಿ ಮರುಳಾದವರಿಗೆ ಒಂದು ಮಾತು. ಅವರ ಬಾಗಿಲು ಮೇಲೆದ್ದು ಸೂರಿನ ಕೆಳಗೆ ಮಲಗುತ್ತದೆ, ತೆಗೆದಾಗ ಅರ್ಧ ದೀಪಗಳನ್ನು ಮುಚ್ಚುತ್ತದೆ, ಅದಕ್ಕೇ ಅವರು ದೀಪವನ್ನು ಗೋಡೆಗೆ, ಬಾಗಿಲು ಓಡುವ ಹಳಿಯ ಕೆಳಗೆ ಎಲ್ಲೆಲ್ಲೋ ಹಾಕಿ ಒದ್ದಾಡುತ್ತಾರೆ. ನಮ್ಮ ರೋಲಿಂಗ್ ಶಟರ್ ಬಾಗಿಲ ಮೇಲೆ ಸುರುಳಿ ಸುತ್ತಿಕೊಂಡು ಕೂರುತ್ತದೆ, ಆ ತಾಪತ್ರಯ ನಮಗಿಲ್ಲ. ಅಲ್ಲಿರುವ ತಮ್ಮನೋ ಮಗಳೋ ಸೂಟ್‌ಕೇಸಿನಲ್ಲಿ ಚೆಂದದ ದೀಪ ತಂದುಕೊಟ್ಟರೆ ಮೊದಲು ಹಿಂದೆ ಬರೆದದ್ದು ಓದಿ. 120 ವೋಲ್ಟಿಗೆ ಮಾತ್ರ ಅಂತಿದ್ದರೆ ನಮ್ಮ 230ಕ್ಕೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ.

ಶಟರ್ ತೆಗೆದು ಕೆಲಸ ಮಾಡುವವರಿಗೆ ಹುಳದ ಕಾಟ ಬೇರೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹುಳ ಮೋಡದ ಹಾಗೆ ನುಗ್ಗುತ್ತವೆ, ಆ ಹೊತ್ತಿಗೆ ಹಲಗೆಗೆ ವಾರ್ನಿಶ್ ಹಚ್ಚಿಟ್ಟಿದ್ದರೆ ಮುಗಿಯಿತು, ಬೆಳಿಗ್ಗೆ ಮೇಜಿನ ಮೇಲೆ ರೆಕ್ಕೆಯ ಚಿತ್ತಾರ. ನೀಲಿ ಛಾಯೆಯ ಬಿಳಿ ಬೆಳಕಿಗೆ ಹುಳ ಜಾಸ್ತಿ, ಹಳದಿಗೆ ಕಡಿಮೆ. ನಾನು ಶಟರ್ ಹತ್ತಿರ ಒಂದು ಹಳದಿ ಬಲ್ಬು ಬೇರೆ ಇಟ್ಟಿದ್ದೇನೆ, ಅಂಥ ಸಂಜೆ ಅದೊಂದೇ ಉರಿಯುತ್ತದೆ, ವಾರ್ನಿಶ್ ಡಬ್ಬ ಮುಚ್ಚಿರುತ್ತದೆ.

ಕೊಳ್ಳುವುದಾದರೆ ಮುಚ್ಚಿದ ಕವರಿನ ಟ್ಯೂಬು ಪಟ್ಟಿ ಕೊಳ್ಳಿ. ಮರದ ಪುಡಿ ಒಳಗೆ ಹೋಗುವುದಿಲ್ಲ, ಬರಿಯ ಟ್ಯೂಬು ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ. ಮೇಲೆ ಪುಡಿ ಕೂರುವುದಂತೂ ಕೂರುತ್ತದೆ, ತಿಂಗಳಿಗೊಮ್ಮೆ ಸ್ವಿಚ್ಚು ಆರಿಸಿ ಒಣ ಬಟ್ಟೆಯಲ್ಲಿ ಒರೆಸಿ. ಬಿಸಿಯಾಗುವ ಹ್ಯಾಲೊಜನ್ ದೀಪವನ್ನು ಮರದ ಪುಡಿ ಇರುವ ಕಡೆ ತರಲೇಬೇಡಿ.

ಮೊಳೆ ಹೊಡೆಸುವ ಮೊದಲು ಒಂದು ಉಪಾಯ ಮಾಡಿ. ಒಂದು ಟ್ಯೂಬು ಪಟ್ಟಿಗೆ ಉದ್ದ ವೈರು, ಪ್ಲಗ್ಗು ಹಾಕಿಸಿ, ಎರಡು ತುದಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ ಸೂರಿನ ಕೊಕ್ಕೆಗೋ ಕಿಟಕಿ ಸರಳಿಗೋ ತೂಗುಹಾಕಿ. ಎರಡು ಸಂಜೆ ಅದರ ಕೆಳಗೆ ಕೆಲಸ ಮಾಡಿ, ಒಂದು ಅಡಿ ಆಚೆ ಈಚೆ ಸರಿಸಿ ನೋಡಿ, ಪೆನ್ಸಿಲ್ ನಿಲ್ಲಿಸಿ ನೆರಳು ನೋಡಿ. ಸರಿ ಅನ್ನಿಸಿದ ಜಾಗಕ್ಕೆ ಸೂರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನನ್ನ ಸೂರಿನ ಮೇಲೆ ಅಂಥ ಐದು ಗುರುತು ಇನ್ನೂ ಇವೆ, ನಾಲ್ಕರ ಮೇಲೆ ಗೀಟು ಎಳೆದಿದೆ. ಐದನೆಯದರಲ್ಲಿ ಟ್ಯೂಬಿದೆ.